ಮುಹೂರ್ತವಿಲ್ಲದ ತಿಂಗಳು

ಧನುರ್ಮಾಸದಲ್ಲಿ ಯಾರೂ ಮದುವೆಯಾಗುವುದಿಲ್ಲ.
ನಮ್ಮ ಕೊಪ್ಪರಿಗೆಗಳು ಬೋರಲು ಮಲಗಿದ್ದವು.
ಎಂಟುನೂರು ಎಲೆಗೆ ಬಡಿಸುವ ಕೈ
ಸುಮ್ಮನೆ ಕೂತರೆ ತುರಿಸುತ್ತದೆ.
"ಎಲ್ಲಾದರೂ ಹೋಗೋಣ" ಎಂದ ವೆಂಕಟರೋಣಪ್ಪ,
ನಮ್ಮ ಅಡುಗೆ ತಂಡದ ಮೇಸ್ತ್ರಿ,
ವಾಸನೆಯಲ್ಲೇ ಉಪ್ಪು ಹೇಳುವವನು.
"ಈಗ ಯಾರಿರ್ತಾರೆ? ಬೆಟ್ಟವೆಲ್ಲ ನಮ್ಮದೇ."

ಹೌದು, ನಮ್ಮದೇ ಆಗಿತ್ತು.
ಪೇರೇಸಂದ್ರದಲ್ಲಿ ಒಂದೂವರೆ ಗಂಟೆ
ಬಾರದ ಬಸ್ಸು ಕೂಡ ನಮ್ಮದೇ.
ರಸ್ತೆಗೆ ಹುರುಳಿ ಹರವಿ
ಚಕ್ರ ಹಾಯಲೆಂದು ಕಾಯುತ್ತಿದ್ದ ಮುದುಕಿ
"ಇಂಕಾ ರಾಲೇದಾ?" ಎಂದು ಗದರಿದಳು,
ಬಸ್ಸನ್ನು ನಾವೇ ಎಲ್ಲೋ ಬಚ್ಚಿಟ್ಟವರ ಹಾಗೆ.

ಗುಡಿಬಂಡೆ.
ಒಂಬತ್ತೂವರೆಯಾದರೂ ಊರು ಮುಖ ತೊಳೆದಿರಲಿಲ್ಲ.
ಬೆಟ್ಟವಿರಬೇಕಾದ ಕಡೆ ಬರೀ ಬಿಳಿ,
ಉಕ್ಕುವ ಮೊದಲು ಹಾಲು ಏಳುತ್ತದಲ್ಲ, ಆ ಬಿಳಿ.
ಬುಡದ ಜ್ಯೂಸ್ ಅಂಗಡಿಗೆ ಬೀಗ,
ಬೀಗಕ್ಕೆ ಇಬ್ಬನಿ,
"ಶನಿವಾರ ಭಾನುವಾರ ಮಾತ್ರ" ಎಂಬ ಬೋರ್ಡಿಗೆ
ಮೇಕೆಯೊಂದು ಬೆನ್ನು ತಿಕ್ಕುತ್ತಿತ್ತು.
ಟೀ ಕೂಡ ಇಲ್ಲ.
ನೂರು ಲೀಟರ್ ಕಾಫಿ ಕಾಯಿಸಿದ ನಾನು
ಒಂದು ಲೋಟಕ್ಕಾಗಿ ಬೀದಿ ಉದ್ದಕ್ಕೂ ಇಣುಕಿದೆ.

ಹತ್ತಿದೆವು. ಬಂಡೆ ಕೊರೆಯುತ್ತಿತ್ತು.
ಪಿಳ್ಳಕ್ಕ ಜಾರುತ್ತದೆಂದು ಚಪ್ಪಲಿ ಬಿಚ್ಚಿದಳು,
ಕಾಲು ಮರಗಟ್ಟಿತೆಂದು ಮತ್ತೆ ಹಾಕಿದಳು,
ಮತ್ತೆ ಬಿಚ್ಚಿದಳು.
ಮೂರನೆಯ ಬಾಗಿಲಿನ ನಂತರ ಲೆಕ್ಕ ಬಿಟ್ಟೆವು.
ಯಾವ ಪಾಳೇಗಾರ ಯಾರಿಗೆ ಹೆದರಿ ಕಟ್ಟಿಸಿದನೋ,
ಇವತ್ತು ನಾಲ್ಕು ಜನ ಸೌಟಿನವರು
ಒಂದು ಟಿಫಿನ್ ಕ್ಯಾರಿಯರ್ ಹಿಡಿದು ಕೋಟೆ ಗೆದ್ದೆವು.

ಚಂದವಿತ್ತು, ಸುಳ್ಳು ಹೇಳಬಾರದು.
ದೊಣೆಯ ನೀರು ಉಸಿರು ಹಿಡಿದು ಕೂತಿತ್ತು.
ಜೇಡ ತನ್ನ ಬಲೆಗೆ ಹನಿ ಪೋಣಿಸಿಕೊಂಡು
ಮದುವೆಮನೆಯ ಸೀರಿಯಲ್ ಸೆಟ್ಟಿನ ಹಾಗೆ ಕಟ್ಟಿತ್ತು.
"ಸ್ವಲ್ಪ ಸರೀರಿ, ಫೋಟೋ" ಅನ್ನುವವರಿಲ್ಲ.
ಯಾವಾಗಲೂ ಛತ್ರದ ಹಿಂದುಗಡೆ ಇರುವ ನಾವು
ಇವತ್ತು ಮುಂದಿನ ಸಾಲು.
ನನಗೇನಾಯಿತೋ, ಗಂಟಲು ಬಿಚ್ಚಿ ಕೂಗಿದೆ:
"ಸಾರೂ... ಸಾರೂ..."
ಮಂಜಿನೊಳಗಿಂದ ಯಾರೂ
"ಇಲ್ಲಿ ಸ್ವಲ್ಪ" ಎನ್ನಲಿಲ್ಲ.

ತುದಿ. ವೆಂಕಟರೋಣಪ್ಪ ಬಿಳಿಯ ಕಡೆ ಬೆರಳು ಮಾಡಿ
"ಅಗೋ ಕೆರೆ, ಇಂಡಿಯಾ ಮ್ಯಾಪಿನ ಹಾಗೇ ಇದೆ" ಎಂದ.
ನೋಡಿದೆವು.
ಕಿವಿ ಉರಿಯುವ ತನಕ ನೋಡಿದೆವು.
ಆಮೇಲೆ ಕ್ಯಾರಿಯರ್ ಬಿಚ್ಚಿದೆವು.
ಅವರೆಕಾಳಿನ ಉಪ್ಪಿಟ್ಟು, ಸೊಗಡಿನ ಕಾಲದ ಅವರೆ,
ಮುಚ್ಚಳ ತೆಗೆದದ್ದೇ ಬೆಟ್ಟದ ಮೂಗು ಅರಳಿತು.

ಭಾನುವಾರದಿಂದ ಉಪವಾಸವಿದ್ದ ಕೋತಿಗಳಿಗೆ
ನಾವೇ ಆ ವಾರದ ಮುಹೂರ್ತ.
ಎಷ್ಟು ಪಂಕ್ತಿ ಸಂಭಾಳಿಸಿದ್ದೇವೆ,
ಎಲೆ ಸಾಲದಿದ್ದಾಗ, ಬೀಗರು ಮುನಿದಾಗ!
ಇಲ್ಲಿ ಐದೇ ಜನ ನೆಂಟರು.
ಪಿಳ್ಳಕ್ಕ ಚಪ್ಪಲಿ ಎಸೆದಳು, ಅದೂ ಹೋಯಿತು.
ನಾನು ಡಬ್ಬಿ ಎಳೆದೆ, ಒಂದು ಮರಿ ನನ್ನ ಸೆರಗು ಎಳೆಯಿತು.
ಮೇಸ್ತ್ರಿ ಜೀವಮಾನದಲ್ಲಿ ಮೊದಲ ಸಲ
ಬಡಿಸುವವರ ಮುಂದೆ ಕೈಯೊಡ್ಡಿ ನಿಂತ.

ಅಷ್ಟರಲ್ಲೇ ಮಂಜು ಬಿಟ್ಟಿತ್ತಂತೆ.
ನಮಗೆಲ್ಲಿ ಗೊತ್ತು? ನಾವು ಉಪ್ಪಿಟ್ಟಿನಲ್ಲಿದ್ದೆವು.
ಪಾತ್ರೆ ತೊಳೆಯುವ ಹುಡುಗ ಲೋಹಿತ
ಕೋತಿಗೆ ಹೆದರಿ ಗೋಡೆ ಹತ್ತಿ ನಿಂತಿದ್ದ,
ಬೆನ್ನು ನಮ್ಮ ಕಡೆ.
ತಿರುಗುವಾಗ ಅವನ ಬಾಯಿ ತೆರೆದೇ ಇತ್ತು.
ನಾವು ಓಡಿ ಹೋಗುವಷ್ಟರಲ್ಲಿ
ಮತ್ತೆ ಹಾಲು.

ವಾಪಸು ಬಸ್ಸಿನಲ್ಲಿ ಅವನಿಗೆ ಕಿಟಕಿ ಸೀಟು ಕೊಟ್ಟೆವು.
"ಮ್ಯಾಪಿನ ಹಾಗಿತ್ತೇನೋ?"
"ಗೊತ್ತಿಲ್ಲಣ್ಣ, ನೀರಿತ್ತು."
"ಎಷ್ಟು ನೀರು?"
"ತುಂಬಾ."
"ಯಾವ ಬಣ್ಣ?"
ಅವನು ಬಹಳ ಹೊತ್ತು ಯೋಚಿಸಿದ.
"ಸ್ಟವ್ ಸಣ್ಣ ಮಾಡ್ತೀವಲ್ಲ, ಅಕ್ಕಾ,
ಆರಿಹೋಗೋಕೆ ಮುಂಚೆ... ಆ ನೀಲಿ."

ನಾವು ಯಾರೂ ಮಾತಾಡಲಿಲ್ಲ.
ಕೆಳಗೆ ಹುರುಳಿ ಚಟಪಟ ಎಂದಿತು,
ಮುದುಕಿ ಕೈ ಎತ್ತಿದಳು.
ಪಿಳ್ಳಕ್ಕ ಒಂಟಿ ಚಪ್ಪಲಿಯನ್ನು ಮಡಿಲಲ್ಲಿಟ್ಟುಕೊಂಡು
"ಮುಚ್ಚಳ ಮೇಲೇ ಉಳೀತು" ಎಂದಳು.